ಅಪ್ಪನ ಚೀಟಿಯಲ್ಲಿ ಇದ್ದದ್ದು ಒಂದೇ ಜಾಗ

ಆಂಟಿಗುವಾ ಡೈರಿ 1/9

ಬೀಚ್ ಫೋಟೋ ಹಾಕಿದಾಗಿಂದ ಡಿಎಂ ತುಂಬ ಪ್ರಶ್ನೆ. "ಮಾಲ್ಡೀವ್ಸಾ?" ಅಲ್ಲ. "ಗೋಕರ್ಣಕ್ಕೆ ಫಿಲ್ಟರ್ ಹಾಕಿದ್ದೀಯಾ?" ಅಲ್ಲ ಕಣ್ರೋ. "ಕಾಸ್ಟಿಂಗ್ ಬ್ಯಾಕ್ ಇಟ್ಕೊಂಡು ಫಾರಿನ್ ಟೂರಾ?" ಇದನ್ನ ಕೇಳಿದೋಳು ನನ್ನ ಪಕ್ಕದಲ್ಲೇ ಕೂರ್ತಾಳೆ. ಅವಳಿಗೆ ಉತ್ತರ ಕ್ಲಾಸಲ್ಲೇ ಕೊಡ್ತೀನಿ.

ಇದು ಆಂಟಿಗುವಾ. ಒಂದು ಕಡೆ ಕೆರಿಬಿಯನ್ ಸಮುದ್ರ, ಇನ್ನೊಂದು ಕಡೆ ಅಟ್ಲಾಂಟಿಕ್, ಮಧ್ಯೆ 281 ಚದರ ಕಿಲೋಮೀಟರ್ ನೆಲ. ಬೆಂಗಳೂರಿನ ಅರ್ಧವೂ ಇಲ್ಲ. ಪಕ್ಕದ ಬಾರ್ಬುಡಾ ದ್ವೀಪ ಸೇರಿಸಿ ಒಂದು ದೇಶ, ಜನ ಎಲ್ಲಾ ಸೇರಿ ಒಂದು ಲಕ್ಷದ ಆಸುಪಾಸು. ಸ್ವಾತಂತ್ರ್ಯ ಬಂದಿದ್ದು 1981ರ ನವೆಂಬರ್ 1ಕ್ಕೆ. ಹೌದು, ನಮ್ಮ ರಾಜ್ಯೋತ್ಸವದ ದಿನಾನೇ. ನಾವು ಆಂಟಿಗುವಾ ಅಂತೀವಿ, ಅಲ್ಲಿಯವರು "ಆಂಟೀಗ" ಅಂತಾರೆ. "ಗುವಾ" ಅಂದ್ರೆ ಟೂರಿಸ್ಟ್ ಅಂತ ಅಲ್ಲೇ ಗೊತ್ತಾಗೋಗುತ್ತೆ.

ಅಷ್ಟು ದೂರ ಹೋಗೋಕೆ ಕಾರಣ ಚಿಕ್ಕಮ್ಮ. ಅಲ್ಲಿ ಮಣಿಪಾಲ ಗ್ರೂಪ್‌ಗೆ ಸೇರಿದ ಒಂದು ಮೆಡಿಕಲ್ ಯೂನಿವರ್ಸಿಟಿ ಇದೆ, ಹಾಗಾಗಿ ನಮ್ಮ ಕಡೆಯವರೂ ಅಲ್ಲಿಗೆ ಹೋಗಿ ಸೇರ್ಕೋತಾರೆ. ಚಿಕ್ಕಮ್ಮ ಆ ದ್ವೀಪದಲ್ಲಿ ಅನಾಟಮಿ ಪಾಠ ಮಾಡ್ತಾಳೆ. ಹೋದ ವರ್ಷ ಅವಳೇ ಎರಡು ಟಿಕೆಟ್ ಬುಕ್ ಮಾಡಿದ್ಲು. ಒಂದು ಅಪ್ಪಂದು, ಒಂದು ನಂದು.

ಹೋಗಿದ್ದು ನಾನೊಬ್ಳೇ. ಯಾಕೆ ಅನ್ನೋದನ್ನ ಮುಂದೆ ಬರೀತೀನಿ, ಅಪ್ಪನ್ನ ಕೇಳೇ ಬರೀತಿದ್ದೀನಿ. ಹೊರಡೋ ದಿನ ಅಪ್ಪ ನನ್ನ ಕೈಗೆ ಒಂದು ಚೀಟಿ ಕೊಟ್ರು. ಅಮ್ಮ ಕೊಟ್ಟ ಲಿಸ್ಟಲ್ಲಿ ಹದಿನೆಂಟು ಐಟಂ ಇತ್ತು, ಹಪ್ಪಳದಿಂದ ಶುರುವಾಗಿ. ಅಪ್ಪನ ಚೀಟಿಯಲ್ಲಿ ಒಂದೇ ಸಾಲು: "ಆಂಟಿಗುವಾ ರಿಕ್ರಿಯೇಷನ್ ಗ್ರೌಂಡ್, ಸೇಂಟ್ ಜಾನ್ಸ್." ಕೆಳಗೆ ಎರಡು ಗೆರೆ ಎಳೆದಿದ್ರು.

ಕ್ರಿಕೆಟ್ ನೋಡೋರಿಗೆ ಇಷ್ಟೊತ್ತಿಗೆ ಅರ್ಥ ಆಗಿರುತ್ತೆ. ಉಳಿದೋರು ಕಾಯಿರಿ.

2/9

ಮೊದಲು ದುಡ್ಡಿನ ವಿಷಯ. ಬಿಕಾಂ ಓದೋಳು ಬೀಚಿಂದ ಶುರು ಮಾಡಲ್ಲ.

ಅಲ್ಲಿ ನಡೆಯೋದು ಈಸ್ಟರ್ನ್ ಕೆರಿಬಿಯನ್ ಡಾಲರ್. ಬೇರೆ ಬೇರೆ ದ್ವೀಪಗಳು ಸೇರಿ ಬಳಸೋ ಒಂದೇ ನೋಟು, ಎಲ್ಲದಕ್ಕೂ ಒಂದೇ ಸೆಂಟ್ರಲ್ ಬ್ಯಾಂಕ್. 1976ರಿಂದ ಇವತ್ತಿನವರೆಗೆ ಒಂದು ಅಮೆರಿಕನ್ ಡಾಲರ್‌ಗೆ 2.70, ಒಂದು ಪೈಸೆ ಆಚೆಈಚೆ ಆಗಿಲ್ಲ. ಫಿಕ್ಸೆಡ್ ಎಕ್ಸ್‌ಚೇಂಜ್ ರೇಟ್ ಅಂತ ಐದು ಮಾರ್ಕ್ಸಿಗೆ ಬಾಯಿಪಾಠ ಮಾಡಿದ್ವಲ್ಲ, ಅದು ತರಕಾರಿ ಅಂಗಡೀಲಿ ಕಣ್ಣಿಗೆ ಕಾಣುತ್ತೆ. ಅಮೆರಿಕನ್ ಡಾಲರ್ ಕೊಟ್ರೂ ತಗೋತಾರೆ, ಚಿಲ್ಲರೆ ಮಾತ್ರ ಇಸಿ ಡಾಲರಲ್ಲಿ. ಬೆಲೆ ಹೇಳ್ದಾಗ "ಯಾವ ಡಾಲರ್?" ಅಂತ ಕೇಳೋದು ಮರೀಬೇಡಿ. ನಾನು ಮರೆತು ಒಂದು ಟೋಪಿಗೆ ಅದರ ಎರಡೂ ಮುಕ್ಕಾಲು ಪಟ್ಟು ಕೊಟ್ಟೆ. ಅದೇ ಟೋಪಿ ಮೂರನೇ ಫೋಟೋದಲ್ಲಿದೆ, ಚೆನ್ನಾಗಿದೆ ಅನ್ನಿ.

ತಿನ್ನೋದು, ಉಡೋದು, ಮುಕ್ಕಾಲುಪಾಲು ಹಡಗಲ್ಲೇ ಬರಬೇಕು. ಅದಕ್ಕೇ ಎಲ್ಲಾ ದುಬಾರಿ. ಅಗ್ಗವಾಗಿ ಸಿಗೋದು ಬಸ್ಸು. ಸೇಂಟ್ ಜಾನ್ಸ್ ಅನ್ನೋ ರಾಜಧಾನಿಯಲ್ಲಿ ಎರಡು ಬಸ್ ಸ್ಟ್ಯಾಂಡ್, ಒಂದು ವೆಸ್ಟ್, ಒಂದು ಈಸ್ಟ್. ಬಸ್ ಅಂದ್ರೆ ನಮ್ಮ ಟೆಂಪೋ ಟ್ರಾವೆಲರ್‌ಗಿಂತ ಒಂಚೂರು ಚಿಕ್ಕದು. ಟೈಮ್‌ಟೇಬಲ್ ಕೇಳಬೇಡಿ. ತುಂಬಿದ ಮೇಲೆ ಹೊರಡುತ್ತೆ, ಪಾಂಡವಪುರದ ಕಡೆ ಪ್ರೈವೇಟ್ ಬಸ್ ಥರಾನೇ. ಭಾನುವಾರ ಬಸ್ ನಂಬ್ಕೊಂಡ್ರೆ ಕೆಟ್ರಿ.

ಇನ್ನೊಂದು. ಬಸ್ ಹತ್ತಿದ ತಕ್ಷಣ ಎಲ್ಲರಿಗೂ ಕೇಳೋ ಹಾಗೆ "ಗುಡ್ ಮಾರ್ನಿಂಗ್" ಅನ್ನಬೇಕು. ಮೊದಲನೇ ದಿನ ನಾನು ಸುಮ್ನೆ ಹತ್ತಿ ಕೂತ್ಕೊಂಡು ಡ್ರೈವರ್‌ನ "ಇಂಗ್ಲಿಷ್ ಹಾರ್ಬರ್ ಹೋಗುತ್ತಾ?" ಅಂದೆ. ಹಿಂದಿನ ಸೀಟಿನ ಅಜ್ಜಿ ನನ್ನ ಭುಜ ತಟ್ಟಿ "ಗುಡ್ ಮಾರ್ನಿಂಗ್ ಫಸ್ಟ್" ಅಂದ್ರು. ನಮ್ಮ ಅಜ್ಜಿ ಕಾಲು ಮುಟ್ಟಿಸೋವಾಗ ಇರೋ ಅದೇ ಟೋನ್. ಸಾರಿ ಅಜ್ಜಿ.

ವೀಸಾ ಬಗ್ಗೆ ಕೇಳಿದೋರಿಗೆ: ನಮ್ಮ ಪಾಸ್‌ಪೋರ್ಟಿಗೆ ಬೇಕು. ಲಂಡನ್ ಮೇಲೆ ಹೋದ್ರಿಂದ ಅಲ್ಲಿಯ ಟ್ರಾನ್ಸಿಟ್ ವೀಸಾನೂ ಬೇಕಾಯ್ತು. ಟಿಕೆಟ್‌ಗಿಂತ ಮೊದಲು ಅದನ್ನ ನೋಡ್ಕೊಳ್ಳಿ.

3/9

ಸರಿ, ಬೀಚು.

"ನಮ್ಮಲ್ಲಿ 365 ಬೀಚಿದೆ, ದಿನಕ್ಕೊಂದು" ಅಂತ ಪ್ರತಿಯೊಬ್ಬರೂ ಹೇಳ್ತಾರೆ. ಏರ್‌ಪೋರ್ಟಿನ ಟ್ಯಾಕ್ಸಿಯವರು ಹೇಳಿದ್ರು, ಚಿಕ್ಕಮ್ಮನ ಮನೆ ಓನರ್ ಹೇಳಿದ್ರು, ಹಣ್ಣಿನ ಅಂಗಡಿಯವರೂ ಹೇಳಿದ್ರು. ಯಾರು ಕೂತು ಎಣಿಸಿದ್ರೋ. ನಿಮಗೆ ಉಪಯೋಗ ಆಗೋ ಮಾತು ಬೇರೆ ಇದೆ: ಎಷ್ಟೇ ದೊಡ್ಡ ರೆಸಾರ್ಟ್ ಮುಂದೆ ಇದ್ರೂ ಬೀಚು ಸಾರ್ವಜನಿಕರದ್ದು. ಅವರ ಕುರ್ಚಿ ಮುಟ್ಟಬೇಡಿ ಅಷ್ಟೇ, ಮರಳು ನಿಮ್ಮದೂ ಹೌದು.

ಪಶ್ಚಿಮದ ಕಡೆ ಕೆರಿಬಿಯನ್ ಸಮುದ್ರ, ಶಾಂತ. ಡಾರ್ಕ್‌ವುಡ್, ಫ್ರೈಸ್ ಬೀಚುಗಳಲ್ಲಿ ನೀರು ಕನ್ನಂಬಾಡಿ ಹಿನ್ನೀರಿನ ಹಾಗೆ ನಿಂತಿರುತ್ತೆ, ಬಣ್ಣ ಮಾತ್ರ ಬೇರೆ. ಪೂರ್ವದ ಕಡೆ ಅಟ್ಲಾಂಟಿಕ್, ಸಿಟ್ಟು ಜಾಸ್ತಿ. ನಾನು ಹೋಗಿದ್ದು ಮೇನಲ್ಲಿ. ಹಾಫ್ ಮೂನ್ ಬೇ ಅಂತ ಅರ್ಧಚಂದ್ರದ ಆಕಾರದ ಬೀಚು, ಎಲ್ಲಾ ಲಿಸ್ಟಲ್ಲೂ ಮೊದಲನೇದು. ಹೋಗಿ ನೋಡಿದ್ರೆ ಒಂದು ಮೂಲೆ ತುಂಬಾ ಕಂದು ಬಣ್ಣದ ಪಾಚಿ. ಸರ್ಗಾಸಮ್ ಅಂತಾರೆ. ಅಟ್ಲಾಂಟಿಕ್‌ನಿಂದ ತೇಲಿಬಂದು ದಡದಲ್ಲಿ ಕೊಳೆಯುತ್ತೆ, ಕೊಳೆತ ಮೊಟ್ಟೆ ವಾಸನೆ. ನಾನು ಹಾಕಿದ ಫೋಟೋ ಆ ಮೂಲೆಗೆ ಬೆನ್ನು ಹಾಕಿ ತೆಗ್ದಿದ್ದು. ಈಗ ಎರಡನೇ ಫೋಟೋ ನೋಡಿ, ಅದೇ ಜಾಗ, ಮುಖ ತಿರುಗಿಸಿ ತೆಗ್ದಿದ್ದು.

ಎರಡು ಎಚ್ಚರಿಕೆ. ಬೀಚಲ್ಲಿ ಮ್ಯಾಂಚಿನೀಲ್ ಅಂತ ಮರ ಇರುತ್ತೆ, ಪುಟ್ಟ ಹಸಿರು ಸೇಬಿನ ಥರ ಕಾಯಿ. ತಿಂದ್ರೆ ವಿಷ. ಮಳೆ ಬಂತು ಅಂತ ಅದರ ಕೆಳಗೆ ನಿಂತ್ರೂ ಎಲೆಯಿಂದ ಇಳಿಯೋ ನೀರಿಗೆ ಮೈ ಮೇಲೆ ಬೊಬ್ಬೆ ಬರುತ್ತೆ. ಇನ್ನೊಂದು, ಮಿಲಿಟರಿ ಡಿಸೈನಿನ ಪ್ಯಾಂಟು, ಬ್ಯಾಗು, ಟೋಪಿ ಏನೂ ಬೇಡ. ಸಾಮಾನ್ಯ ಜನ ಕ್ಯಾಮೊಫ್ಲಾಜ್ ಹಾಕೋದು ಅಲ್ಲಿ ಕಾನೂನಿಗೆ ವಿರುದ್ಧ. ನಮ್ಮ ಕ್ಲಾಸಿನ ಅರ್ಧ ಹುಡುಗರು ಏರ್‌ಪೋರ್ಟಲ್ಲೇ ಸಿಕ್ಕಿಬೀಳ್ತಾರೆ.

ಇಷ್ಟೊಂದು ನೀರಿನ ಮಧ್ಯೆ ನನಗೆ ವಿಚಿತ್ರ ಅನ್ನಿಸಿದ್ದು ಒಂದೇ. ಆ ದ್ವೀಪದಲ್ಲಿ ನದಿ ಇಲ್ಲ. ವರ್ಷವಿಡೀ ಹರಿಯೋ ಒಂದೂ ಇಲ್ಲ. ಕುಡಿಯೋಕೆ ಸಮುದ್ರದ ನೀರಿಂದ ಉಪ್ಪು ತೆಗೀತಾರೆ, ಮನೆಮನೆಯಲ್ಲೂ ಮಾಳಿಗೆ ನೀರು ಹಿಡಿಯೋ ತೊಟ್ಟಿ. ಕಾವೇರಿಗೋಸ್ಕರ ಹೆದ್ದಾರಿ ಬಂದ್ ಮಾಡೋ ಊರಿಂದ ಹೋದೋಳು ನಾನು. ಚಿಕ್ಕಮ್ಮನ ಮನೇಲಿ ನಲ್ಲಿ ಬಿಟ್ಕೊಂಡು ಹಲ್ಲುಜ್ಜಿದ್ದಕ್ಕೆ ಬೈಸ್ಕೊಂಡೆ.

4/9

ದಕ್ಷಿಣದ ತುದಿಯಲ್ಲಿ ಇಂಗ್ಲಿಷ್ ಹಾರ್ಬರ್. ಅಲ್ಲಿ ನೆಲ್ಸನ್ಸ್ ಡಾಕ್‌ಯಾರ್ಡ್ ಇದೆ, ಬ್ರಿಟಿಷ್ ನೌಕಾಪಡೆ ಹಡಗು ರಿಪೇರಿ ಮಾಡ್ತಿದ್ದ ಜಾಗ. 2016ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ನೆಲ್ಸನ್ ಅನ್ನೋ ನೌಕಾಧಿಕಾರಿ 1784ರಿಂದ 1787ರವರೆಗೆ ಅಲ್ಲಿದ್ದ, ಆ ಜಾಗ ಕಂಡ್ರೆ ಅವನಿಗೆ ಆಗ್ತಿರಲಿಲ್ಲ. ಹೆಸರು ಮಾತ್ರ ಅವನದೇ. ಕಲ್ಲು ಹೊತ್ತು ಕಟ್ಟಿದ್ದು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಅವರ ಹೆಸರಲ್ಲಿ ಡಾಕ್ ಇಲ್ಲ.

ಜಾಗ ಮಾತ್ರ ಸುಂದರ, ಅದನ್ನ ಇಲ್ಲ ಅನ್ನೋಕಾಗಲ್ಲ. ಮಾಡು ಇಲ್ಲದೆ ನಿಂತಿರೋ ದಪ್ಪ ದಪ್ಪ ಕಲ್ಲಿನ ಕಂಬಗಳು ನೋಡಿ ನನಗೆ ಹಂಪಿ ನೆನಪಾಯ್ತು. ಹಿಂದೆ ಅದರ ಮೇಲೆ ಹಾಯಿ ಹೊಲಿಯೋ ಅಟ್ಟ ಇತ್ತಂತೆ. ಈಗ ಸುತ್ತ ಕೋಟ್ಯಧಿಪತಿಗಳ ಬಿಳಿ ದೋಣಿಗಳು.

ಸಂಜೆಗೆ ಮೇಲಿನ ಶರ್ಲಿ ಹೈಟ್ಸ್ ಗುಡ್ಡ ಹತ್ತಿ. ಭಾನುವಾರ ಆದ್ರೆ ಇನ್ನೂ ಒಳ್ಳೇದು, ಸ್ಟೀಲ್ ಬ್ಯಾಂಡ್ ಇರುತ್ತೆ. ಎಣ್ಣೆ ಡ್ರಮ್ಮುಗಳ ತಳವನ್ನ ಬಡಿದು ಬಡಿದು ವಾದ್ಯ ಮಾಡ್ಕೊಂಡಿರೋದು. ಟ್ರಿನಿಡಾಡಲ್ಲಿ ಹುಟ್ಟಿದ್ದು, ಈಗ ಎಲ್ಲಾ ದ್ವೀಪದ್ದು. ದೂರದಿಂದ ಕೇಳಿದ್ರೆ ನೂರು ಜನ ಜಲತರಂಗ ಬಾರಿಸಿದ ಹಾಗೆ. ಸೂರ್ಯ ಮುಳುಗೋವಾಗ ಕೆಳಗಿನ ಬಂದರು ತಟ್ಟೆಯಲ್ಲಿಟ್ಟ ಹಾಗೆ ಕಾಣುತ್ತೆ. ನನ್ನ ಪ್ರೊಫೈಲ್ ಪಿಕ್ ಅಲ್ಲಿದೇ.

ಪೂರ್ವ ತುದಿಯ ಡೆವಿಲ್ಸ್ ಬ್ರಿಡ್ಜ್‌ಗೂ ಹೋದೆ. ಅಲೆ ಹೊಡೆದು ಹೊಡೆದು ಸುಣ್ಣದ ಕಲ್ಲು ಕಮಾನಾಗಿದೆ. ಅದರ ಮೇಲೆ ನಡೆಯೋಕೆ ಹೋಗ್ಬೇಡಿ, ರೀಲ್ಸಿಗೋಸ್ಕರ ಅಂತೂ ಬೇಡವೇ ಬೇಡ. ಎತ್ತರದ ಬೆಟ್ಟ ಬಾಗಿ ಪೀಕ್, 402 ಮೀಟರ್. 2009ರಲ್ಲಿ ಮೌಂಟ್ ಒಬಾಮಾ ಅಂತ ಹೆಸರಿಟ್ಟು, 2016ರಲ್ಲಿ ವಾಪಸ್ ಬಾಗಿ ಪೀಕ್ ಮಾಡಿದ್ದಾರೆ. ನಾನು ಹತ್ತಲಿಲ್ಲ, ನಿದ್ದೆ ಮಾಡಿದೆ.

5/9

ಈ ಪೋಸ್ಟಿಗೆ ಲೈಕ್ ಕಮ್ಮಿ ಬರುತ್ತೆ, ಗೊತ್ತು. ಫೋಟೋದಲ್ಲಿರೋದು ಬರೀ ಎರಡು ಕಲ್ಲಿನ ಗೋಪುರ.

ಬೆಟೀಸ್ ಹೋಪ್ ಅಂತ ಹೆಸರು. 1650ರ ದಶಕದಲ್ಲಿ ಶುರುವಾದ ಕಬ್ಬಿನ ಎಸ್ಟೇಟು, 1674ರಿಂದ ಕೋಡ್ರಿಂಗ್ಟನ್ ಅನ್ನೋ ಮನೆತನದ ಕೈಲಿತ್ತು. ಗೋಪುರ ಅಂದ್ರೆ ಗಾಳಿಗಿರಣಿ. ರೆಕ್ಕೆಗೆ ಗಾಳಿ ಹಿಡಿದ್ರೆ ಒಳಗೆ ಗಾಣ ತಿರುಗೋದು, ಕಬ್ಬು ಅರೆಯೋದು. ಹಾಲು ಹರಿದು ಕೊಪ್ಪರಿಗೆ ಮನೆಗೆ ಹೋಗೋದು. ದ್ವೀಪದ ತುಂಬಾ ಇಂಥ ಗೋಪುರ ನೂರಕ್ಕೂ ಮೇಲಿವೆ, ಕೆಲವು ಹೋಟೆಲ್ ಅಂಗಳದಲ್ಲಿ ಶೋಗೆ ನಿಂತಿವೆ.

ನಾನು ಮಂಡ್ಯದೋಳು. ಆಲೆಮನೆ ವಾಸನೆ ಯಾವ ದಿಕ್ಕಿಂದ ಬಂತು ಅಂತ ಕಣ್ಣು ಮುಚ್ಚಿ ಹೇಳ್ತೀನಿ. ಕಬ್ಬು ಅಂದ್ರೆ ನನಗೆ ಸಂಕ್ರಾಂತಿ, ಟ್ರ್ಯಾಕ್ಟರ್ ಹಿಂದೆ ಓಡಿ ಜಲ್ಲೆ ಎಳೆಯೋದು, ಬಿಸಿ ಬೆಲ್ಲ. ಗಾಣಕ್ಕೆ ಬೆರಳು ಕೊಟ್ಟೋರು ನಮ್ಮೂರಲ್ಲೂ ಇದ್ದಾರೆ. ಆದ್ರೆ ಕೆರಿಬಿಯನ್ ಗಾಣಗಳ ಪಕ್ಕ ಕೊಡಲಿ ಇಟ್ಟಿರ್ತಿದ್ರು ಅನ್ನೋದು ಅಲ್ಲಿ ಗೊತ್ತಾಯ್ತು. ಯಾರದಾದ್ರೂ ಕೈ ಸಿಕ್ಕಿಹಾಕ್ಕೊಂಡ್ರೆ ಗಾಣ ನಿಲ್ಲಿಸೋಕಾಗಲ್ಲ, ಕೈ ಕಡಿಯೋಕೆ.

ಆ ಎಸ್ಟೇಟುಗಳ ಲೆಕ್ಕದ ಪುಸ್ತಕದಲ್ಲಿ ಎತ್ತು, ಕೊಪ್ಪರಿಗೆ, ಮನುಷ್ಯರು ಎಲ್ಲಾ ಆಸ್ತಿ ಕಡೆಗೇ ಬರ್ತಿದ್ರು. ಒಬ್ಬೊಬ್ಬರ ಮುಂದೆ ಒಂದೊಂದು ಬೆಲೆ. ವಯಸ್ಸಾದ್ರೆ ಬೆಲೆ ಕಮ್ಮಿ. ಡಿಪ್ರಿಸಿಯೇಷನ್ ಲೆಕ್ಕ ನಾವೂ ಕಲ್ತಿದ್ದೀವಲ್ಲ, ಹಾಗೆ.

1834ರ ಆಗಸ್ಟ್ 1ಕ್ಕೆ ಬಿಡುಗಡೆ ಆಯ್ತು. ಬೇರೆ ಎಷ್ಟೋ ದ್ವೀಪಗಳಲ್ಲಿ "ಅಪ್ರೆಂಟಿಸ್" ಅಂತ ಹೆಸರು ಬದಲಾಯಿಸಿ ಇನ್ನೂ ಕೆಲವು ವರ್ಷ ದುಡಿಸ್ಕೊಂಡ್ರು, ಆಂಟಿಗುವಾದಲ್ಲಿ ಅವತ್ತೇ ಪೂರ್ತಿ ಬಿಟ್ರು. ಬ್ರಿಟಿಷ್ ಸರ್ಕಾರ ತನ್ನ ವಸಾಹತುಗಳಿಗೆಲ್ಲಾ ಸೇರಿ 2 ಕೋಟಿ ಪೌಂಡ್ ಪರಿಹಾರ ಕೊಡ್ತು. ಯಾರಿಗೆ ಹೇಳಿ? ಮಾಲೀಕರಿಗೆ. ಅದಕ್ಕೆ ಎತ್ತಿದ ಸಾಲ ತೀರಿದ್ದು 2015ರಲ್ಲಿ. ಆಗ ನಾನು ಪ್ರೈಮರಿ ಸ್ಕೂಲಲ್ಲಿದ್ದೆ.

ಅಲ್ಲಿ ಒಂದು ಪುಟ್ಟ ಮ್ಯೂಸಿಯಂ ಬಿಟ್ರೆ ಏನೂ ಇಲ್ಲ. ಒಣ ಹುಲ್ಲು, ಮೇಕೆ, ಗಾಳಿ. ಒಂದು ಗಂಟೆ ಕೂತಿದ್ದೆ.

6/9

ಊಟ! ಇದಕ್ಕೇ ಕಾಯ್ತಿದ್ರಿ ಅಂತ ಗೊತ್ತು.

ಅವರ ರಾಷ್ಟ್ರೀಯ ಊಟ ಏನು ಗೊತ್ತಾ? ಮುದ್ದೆ. ಆಣೆ ಮಾಡಿ ಹೇಳ್ತೀನಿ. ಫೂಂಜಿ ಅಂತಾರೆ. ಬೆಂಡೆಕಾಯಿ ಹೆಚ್ಚಿ ನೀರಲ್ಲಿ ಕುದಿಸಿ, ಆ ಲೋಳೆ ನೀರಿಗೆ ಮೆಕ್ಕೆಜೋಳದ ಹಿಟ್ಟು ಸುರಿದು, ಮರದ ಕೋಲಲ್ಲಿ ಗಂಟಾಗದ ಹಾಗೆ ತಿರುವೋದು. ಆಮೇಲೆ ಬಟ್ಟಲಿಗೆ ಬೆಣ್ಣೆ ಸವರಿ, ಅದರಲ್ಲಿ ಹಿಟ್ಟು ಹಾಕಿ ಉಂಡೆ ಕಟ್ಟೋದು. ಜೊತೆಗೆ ಪೆಪ್ಪರ್‌ಪಾಟ್: ಸೊಪ್ಪು, ಬದನೆ, ಕುಂಬಳ, ಬೆಂಡೆ, ಉಪ್ಪು ಹಾಕಿದ ಮಾಂಸ ಎಲ್ಲಾ ಬೆಂದು ಗಟ್ಟಿ ಸಾರು. ನಮ್ಮ ಮಸ್ಸೊಪ್ಪಿಗೆ ಮಾಂಸ ಬಿದ್ದ ಹಾಗೆ.

ಚಿಕ್ಕಮ್ಮನ ಪಕ್ಕದ ಮನೆ ಆಂಟಿ ನಮ್ಮನ್ನ ಊಟಕ್ಕೆ ಕರೆದಿದ್ರು. ಅವರು ಫೋರ್ಕಲ್ಲಿ ಅಗಿದು ತಿಂತಿದ್ರು. ನಾನು ಕೈಲಿ ಮುರಿದು, ಸಾರಲ್ಲಿ ಅದ್ದಿ, ಗುಳುಂ ಅಂತ ನುಂಗಿದೆ. ಆಂಟಿ ಚಮಚ ಕೈಲೇ ಹಿಡ್ಕೊಂಡು ನನ್ನೇ ನೋಡ್ತಾ ಕೂತ್ರು. "ಅಗಿಯಲ್ವಾ?" ಅಂದ್ರು. ಮುದ್ದೆ ಅಗಿಯೋದಲ್ಲ ಆಂಟಿ, ನುಂಗೋದು ಅಂದೆ. ಆಮೇಲೆ ಅವರೂ ಒಂದು ತುತ್ತು ಟ್ರೈ ಮಾಡಿದ್ರು, ಕೆಮ್ಮು ಬಂತು, ನೀರು ಕೊಟ್ವಿ.

ನುಂಗ್ತಾ ನಂಗೆ ತಲೆಯಲ್ಲಿ ಇದ್ದದ್ದು ಒಂದೇ: ಇದನ್ನ ಅಪ್ಪ ತಿನ್ನಬಹುದಿತ್ತು.

ಉಳಿದಿದ್ದು ಬೇಗ ಹೇಳ್ತೀನಿ. ಡುಕಾನಾ: ಸಿಹಿಗೆಣಸು, ತೆಂಗಿನತುರಿ, ಸಕ್ಕರೆ ಕಲಸಿ ಬಾಳೆ ಎಲೆಯಲ್ಲಿ ಕಟ್ಟಿ ಬೇಯಿಸಿದ ಕಡುಬು. ಬ್ಲ್ಯಾಕ್ ಪೈನಾಪಲ್: ಕಪ್ಪಗಿರಲ್ಲ, ಕಡು ಹಸಿರು, ಸಿಹಿ ಅಂದ್ರೆ ಸಿಹಿ. ದೇಶದ ಲಾಂಛನದ ತಲೆ ಮೇಲೂ ಅನಾನಸ್ ಕೂತಿದೆ. ಫಿಗ್ ಟ್ರೀ ಡ್ರೈವ್ ಅಂತ ಕಾಡಿನ ರಸ್ತೆ ಇದೆ, ಅಂಜೂರ ಹುಡುಕಬೇಡಿ. ಅಲ್ಲಿ ಫಿಗ್ ಅಂದ್ರೆ ಬಾಳೆ. ಆಮೇಲೆ ಟ್ಯಾಮರಿಂಡ್ ಬಾಲ್: ಹುಣಸೆ ಕುಟ್ಟಿ ಸಕ್ಕರೆಯಲ್ಲಿ ಹೊರಳಿಸಿದ ಉಂಡೆ. ಕಡ್ಡಿ ಚುಚ್ಚಿದ್ರೆ ನಮ್ಮ ಚಿಗಳಿ. ಎಂಟು ಪ್ಯಾಕೆಟ್ ತಂದಿದ್ದೆ, ಕ್ಲಾಸಲ್ಲಿ ಹತ್ತು ನಿಮಿಷದಲ್ಲಿ ಖಾಲಿ ಮಾಡಿದ್ದು ನೀವೇ.

7/9

ಈಗ ಅಪ್ಪನ ವಿಷಯ. ಇಲ್ಲಿ ಬೀಚ್ ಫೋಟೋ ಇಲ್ಲ.

ಕಾಲೇಜ್ ಹತ್ರ ಅಪ್ಪನ ಜೆರಾಕ್ಸ್ ಅಂಗಡಿ ನಿಮಗೆಲ್ಲಾ ಗೊತ್ತು. ಅಪ್ಪ ಮೊದಲಿಂದ ಗುಟ್ಕಾ ಹಾಕ್ತಿದ್ರು. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ಬ್ಯಾನ್ ಆಯ್ತಲ್ಲ, ಆಮೇಲೆ ಒಂದು ಪ್ಯಾಕೆಟ್ ಬದಲು ಎರಡು ಬಂತು. ಪಾನ್ ಮಸಾಲ ಒಂದು, ತಂಬಾಕು ಒಂದು, ಅಂಗೈಲಿ ಮಿಕ್ಸ್. ಅಷ್ಟೇ ವ್ಯತ್ಯಾಸ. "ಗುಟ್ಕಾ ಅಂತಾನೇ ಬರಿ, ಏನೋ ಕಾಯಿಲೆ ಅಂತ ಬರೀಬೇಡ" ಅಂತ ಅಪ್ಪಾನೇ ಹೇಳಿದ್ದಾರೆ.

ಮೊದಲು ಬಾಯಿ ತೆರೆಯೋದು ಕಮ್ಮಿ ಆಯ್ತು. ನೀವೂ ಈಗಲೇ ನೋಡ್ಕೊಳ್ಳಿ, ಮೂರು ಬೆರಳು ಒಂದರ ಮೇಲೊಂದು ನೆಟ್ಟಗೆ ಹಿಡಿಸ್ಬೇಕು. ಅಪ್ಪಂಗೆ ಒಂದೂವರೆ ಹಿಡೀತಿತ್ತು. ಖಾರ ತಡೀತಿರಲಿಲ್ಲ. ಸಾರಿಗೆ ಮೆಣಸಿನಪುಡಿ ಕಮ್ಮಿ ಹಾಕು ಅಂತ ಅಮ್ಮನ್ನ ಬೈತಿದ್ರು, ನಾವು ವಯಸ್ಸಾಯ್ತು ಅಂದ್ಕೊಂಡ್ವಿ. ಆಮೇಲೆ ಎಡಗಡೆ ಒಳಗೆ ಹುಣ್ಣು, ವಾಸಿ ಆಗಲೇ ಇಲ್ಲ. ಬಯಾಪ್ಸಿ ರಿಪೋರ್ಟ್ ತಂದಿದ್ದು ನಾನು. ಬಸ್ಸಲ್ಲಿ ಓದಿದೆ, ಎರಡು ಸ್ಟಾಪ್ ಮುಂದೆ ಹೋಗಿ ಇಳಿದೆ.

ಎಡ ದವಡೆಯ ಒಂದು ಭಾಗ ತೆಗೆದು, ಕಾಲಿನ ಮೂಳೆ ಕತ್ತರಿಸಿ ಅಲ್ಲಿ ಕೂರಿಸಿದ್ರು. ಮೂರನೇ ದಿನ ನೋಡೋಕೆ ಬಿಟ್ಟಾಗ ಅಪ್ಪನ ಮುಖಕ್ಕೆ ಬಿಳಿ ಪಟ್ಟಿ. ಮಾತಾಡೋಕಾಗ್ತಿರಲಿಲ್ಲ. ನನ್ನ ಮೊಬೈಲ್ ಇಸ್ಕೊಂಡು ಟೈಪ್ ಮಾಡಿ ತೋರಿಸಿದ್ರು: "ಕುಂಬ್ಳೆ".

ಗೊತ್ತಿಲ್ಲದವರಿಗೆ. 2002ರ ಮೇ, ಆಂಟಿಗುವಾ ಟೆಸ್ಟ್. ಬ್ಯಾಟಿಂಗ್ ಮಾಡೋವಾಗ ಮರ್ವಿನ್ ಡಿಲನ್ ಎಸೆದ ಚೆಂಡು ನಮ್ಮ ಅನಿಲ್ ಕುಂಬ್ಳೆ ದವಡೆಗೆ ಬಿತ್ತು. ಮೂಳೆ ಮುರಿದಿತ್ತು. ಆಪರೇಷನ್‌ಗೆ ಬೆಂಗಳೂರಿಗೆ ವಾಪಸ್ ಬರಬೇಕು. ಬರೋ ಮುಂಚೆ ತಲೆಯಿಂದ ಗಲ್ಲದವರೆಗೆ ಪಟ್ಟಿ ಸುತ್ಕೊಂಡು ಮೈದಾನಕ್ಕೆ ಇಳಿದ್ರು. 14 ಓವರ್ ಹಾಕಿದ್ರು, ಬ್ರಯಾನ್ ಲಾರಾನ ಎಲ್‌ಬಿಡಬ್ಲ್ಯೂ ತೆಗೆದ್ರು. ಅಲ್ಲಿ ಬೆಳಗ್ಗೆ ಅಂದ್ರೆ ನಮಗೆ ರಾತ್ರಿ. ಅಪ್ಪಂಗೆ ಆಗ ಇಪ್ಪತ್ತನಾಲ್ಕು, ಬೇರೆಯವರ ಅಂಗಡೀಲಿ ಕೆಲಸ. ಕೇಬಲ್ ಇದ್ದ ಗೆಳೆಯನ ಮನೆ ನೆಲದ ಮೇಲೆ ಕೂತು ನೋಡಿದ್ರಂತೆ. ನಾನು ಈ ಕಥೆ ಹುಟ್ಟಿದಾಗಿಂದ ಕೇಳಿದ್ದೀನಿ.

ರೇಡಿಯೇಷನ್ ಮುಗೀತು, ಸ್ಕ್ಯಾನ್ ಸರಿ ಇದೆ, ಪ್ರಯಾಣ ಮಾಡಬಹುದು ಅಂತ ಡಾಕ್ಟರ್ ಹೇಳಿದ್ರು. ಅಪ್ಪ ಹೊರಡಲಿಲ್ಲ. ಕಾರಣ ಹೇಳೋಕೆ ಒಂದು ವಾರ ತಗೊಂಡ್ರು. "ಏರ್‌ಪೋರ್ಟಲ್ಲಿ ಮಾಸ್ಕ್ ತೆಗಿ ಅಂತಾರೆ. ಪಾಸ್‌ಪೋರ್ಟಲ್ಲಿರೋದು ಹಳೇ ಮುಖ."

ಅಂಗಡೀಲಿ ಅಪ್ಪ ಯಾವಾಗ್ಲೂ ಮಾಸ್ಕ್ ಹಾಕಿರೋದು ಧೂಳಿಗಲ್ಲ. ಒಂದು ವರ್ಷದಿಂದ ನಮ್ಮ ಮನೇಲಿ ಅಪ್ಪನ ಒಂದೂ ಫೋಟೋ ಇಲ್ಲ. ವಿಡಿಯೋ ಕಾಲ್ ಮಾಡಿದ್ರೆ ಕಾಣೋದು ಸೀಲಿಂಗ್ ಫ್ಯಾನು.

8/9

ಆಂಟಿಗುವಾ ರಿಕ್ರಿಯೇಷನ್ ಗ್ರೌಂಡ್ ಇರೋದು ಊರ ನಡುವೆ, ಪಕ್ಕದಲ್ಲೇ ಜೈಲು. ವಿವ್ ರಿಚರ್ಡ್ಸ್ 1986ರಲ್ಲಿ 56 ಬಾಲಿಗೆ ಟೆಸ್ಟ್ ಸೆಂಚುರಿ ಹೊಡೆದದ್ದು ಇಲ್ಲೇ. ಲಾರಾ 1994ರಲ್ಲಿ 375, 2004ರಲ್ಲಿ ಔಟಾಗದೆ 400, ಎರಡೂ ಇಲ್ಲೇ. 2007ರ ವರ್ಲ್ಡ್ ಕಪ್‌ಗೆ ಅಂತ ಊರ ಹೊರಗೆ ಹೊಸ ಸ್ಟೇಡಿಯಂ ಕಟ್ಟಿದ್ರು. ಅಲ್ಲಿ 2009ರಲ್ಲಿ ಒಂದು ಟೆಸ್ಟು 10 ಬಾಲಿಗೇ ನಿಂತುಹೋಯ್ತು, ಮೈದಾನದಲ್ಲಿ ಬರೀ ಮರಳು. ಆಗ ಮತ್ತೆ ಈ ಹಳೇ ಗ್ರೌಂಡಿಗೇ ಓಡಿಬಂದ್ರು.

ನಾನು ಹೋದಾಗ ಗೇಟ್ ತೆರೆದಿತ್ತು. ಹುಲ್ಲು ಅಲ್ಲಲ್ಲಿ ಒಣಗಿತ್ತು, ಫುಟ್‌ಬಾಲ್ ಗೋಲ್ ಪೋಸ್ಟ್ ನಿಂತಿತ್ತು. ಸ್ಟ್ಯಾಂಡಿನ ನೆರಳಲ್ಲಿ ಒಬ್ಬ ವಯಸ್ಸಾದೋರು ಕೂತಿದ್ರು. ನಾನು ಪಾಠ ಕಲಿತಿದ್ದೆ, ಮೊದಲು "ಗುಡ್ ಮಾರ್ನಿಂಗ್" ಅಂದೆ. ಆಮೇಲೆ ಕುಂಬ್ಳೆ ವಿಷಯ ಕೇಳಿದೆ.

ಅವರಿಗೆ ನೆನಪೇ ಇಲ್ಲ! ಲಾರಾ 400 ಹೊಡೆದ ದಿನ ಬೇಕಾ, ಬಾಲ್ ಬಾಲ್ ಹೇಳಿದ್ರು. ರಿಚರ್ಡ್ಸ್ ಸಿಕ್ಸರ್ ಎಲ್ಲೆಲ್ಲಿ ಬಿತ್ತು ಅಂತ ಕೈ ಮಾಡಿ ತೋರಿಸಿದ್ರು. 2002? "ಅದು ಡ್ರಾ ಅಲ್ವಾ? ಯಾರು ಬೇಕಾದ್ರೂ ಬೌಲಿಂಗ್ ಮಾಡಿದ ಮ್ಯಾಚು." ಅದೂ ನಿಜ. ಆ ಇನ್ನಿಂಗ್ಸಲ್ಲಿ ನಮ್ಮ ಹನ್ನೊಂದೂ ಜನ ಬೌಲ್ ಮಾಡಿದ್ರು, ಕೀಪರ್ ಅಜಯ್ ರಾತ್ರಾನೂ ಸೇರಿ. ನಮ್ಮ ಮನೆಯ ರಾಮಾಯಣ ಅವರಿಗೆ ಒಂದು ಬೋರಿಂಗ್ ಡ್ರಾ.

ಮೊಬೈಲಲ್ಲಿ ವಿಡಿಯೋ ತೋರಿಸಿದೆ. ತಾತ ಕನ್ನಡಕ ಹಾಕ್ಕೊಂಡು ಎರಡು ಸಲ ನೋಡಿದ್ರು. ಲಾರಾ ಔಟಾದಾಗ ಇಪ್ಪತ್ತು ಚಿಲ್ಲರೆ ವರ್ಷ ಆದ ಮೇಲೂ ಬೇಜಾರಾಗಿ ಬಾಯಲ್ಲಿ ಚ್ ಅಂದ್ರು. ಆಮೇಲೆ ವಿಡಿಯೋ ನಿಲ್ಲಿಸಿ, ಹಿಂದೆ ಕಾಣೋ ಸ್ಟ್ಯಾಂಡನ್ನ ಎದುರಿನ ಸ್ಟ್ಯಾಂಡಿಗೆ ಹೋಲಿಸಿ, ಎದ್ದು ನನ್ನ ಜೊತೆ ಬಿಸಿಲಲ್ಲಿ ಮಧ್ಯಕ್ಕೆ ನಡೆದ್ರು. "ಇಲ್ಲಿಂದ ಓಡಿ ಬಂದಿದ್ದಾನೆ ನಿಮ್ಮವನು" ಅಂತ ಕಾಲಲ್ಲಿ ನೆಲ ತಟ್ಟಿದ್ರು.

ಅಪ್ಪಂಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಬೆಳಗ್ಗೆ ಹತ್ತೂಕಾಲು, ಮಂಡ್ಯದಲ್ಲಿ ರಾತ್ರಿ ಏಳೂ ಮುಕ್ಕಾಲು, ಅಂಗಡಿ ಶಟರ್ ಎಳೆಯೋ ಹೊತ್ತು. ಸ್ಕ್ರೀನಲ್ಲಿ ಮಾಮೂಲಿ ಫ್ಯಾನು. ನಾನು ಕ್ಯಾಮೆರಾ ನಿಧಾನಕ್ಕೆ ಸುತ್ತಲೂ ತಿರುಗಿಸಿದೆ. ಗೋಲ್ ಪೋಸ್ಟ್ ನೋಡಿ "ಅಯ್ಯೋ, ಫುಟ್‌ಬಾಲ್ ಆಡ್ತಾರಾ" ಅಂದ್ರು. ಅಪ್ಪನ ಮಾತು ಈಗ ಒಂಚೂರು ತೊದಲು, ಅಭ್ಯಾಸ ಇರೋರಿಗೆ ಅರ್ಥ ಆಗುತ್ತೆ. ಬೌಲರ್ ಓಡೋ ಜಾಗದಲ್ಲಿ ನಾನು ನಾಲ್ಕು ಹೆಜ್ಜೆ ಓಡಿ ಕೈ ತಿರುಗಿಸಿದೆ. "ಲೆಗ್ ಸ್ಪಿನ್ ಅದು, ಕಲ್ಲು ಹೊಡೆದ ಹಾಗೆ ಹೊಡೀಬೇಡ" ಅಂದ್ರು.

ತಾತ ಮೊಬೈಲೊಳಗೆ ಬಗ್ಗಿ ನೋಡಿ "ಗುಡ್ ಮಾರ್ನಿಂಗ್" ಅಂದ್ರು. ಫ್ಯಾನಿಗೆ. ಫ್ಯಾನಿಂದ "ಗುಡ್ ಈವ್ನಿಂಗ್" ಬಂತು. ತಾತಂಗೆ ಸಮಾಧಾನ ಆಗಲಿಲ್ಲ. "ನಿಮ್ಮಪ್ಪ ಎಲ್ಲಿ? ಮುಖ ನೋಡದೆ ಹೇಗೆ ಮಾತಾಡೋದು?"

ನಾನು ಏನೋ ನೆಪ ಹೇಳೋಕೆ ಬಾಯಿ ತೆರೆದೆ. ಅಷ್ಟರಲ್ಲಿ ಫ್ಯಾನ್ ಅಲ್ಲಾಡ್ತು, ಗೋಡೆ ಕ್ಯಾಲೆಂಡರ್ ಬಂತು, ಜೆರಾಕ್ಸ್ ಮಷೀನಿನ ಮೂಲೆ ಬಂತು, ಆಮೇಲೆ ಅಪ್ಪ ಬಂದ್ರು. ಮಾಸ್ಕ್ ಕೈಲಿತ್ತು.

ತಾತ ಸ್ವಲ್ಪ ಹೊತ್ತು ನೋಡಿದ್ರು. ಆಮೇಲೆ ತಮ್ಮ ದವಡೆ ಮೇಲೆ ಕೈ ಇಟ್ಟು, ನನ್ನ ಕಡೆ ನೋಡಿ, "ಆ ಬೌಲರ್ ಥರಾನೇ?" ಅಂದ್ರು. ನಾನು ಹೂಂ ಅಂದೆ. ಅವರು ಅಪ್ಪನ ಹತ್ರ ಅರ್ಧ ಗಂಟೆ ಲಾರಾ ಬಗ್ಗೆ ಮಾತಾಡಿದ್ರು, ನನ್ನ ಡೇಟಾದಲ್ಲಿ. ಅಪ್ಪನ ಇಂಗ್ಲಿಷು, ಅದರ ಮೇಲೆ ತೊದಲು. ತಾತನ ಇಂಗ್ಲಿಷು ಅದಕ್ಕಿಂತ ಕಷ್ಟ. ನಾನು ಬಿಸಿಲಲ್ಲಿ ಮೊಬೈಲ್ ಹಿಡ್ಕೊಂಡು ನಿಂತಿದ್ದೆ, ಕೈ ನೋವು ಬಂದ್ರೂ ಬದಲಾಯಿಸಲಿಲ್ಲ.

ಕಾಲ್ ಕಟ್ ಮಾಡೋ ಮುಂಚೆ ಅಪ್ಪ ಕೇಳಿದ್ದು: "ಒಳಗೆ ಬಿಡೋಕೆ ಎಷ್ಟು ತಗೊಂಡ್ರು?"

"ಏನೂ ಇಲ್ಲಪ್ಪ. ಗೇಟ್ ತೆರೆದೇ ಇತ್ತು."

9/9

ಕಾಮೆಂಟಲ್ಲಿ ಕೇಳಿದ್ದಕ್ಕೆ ಉತ್ತರ. ಬಾರ್ಬುಡಾಗೆ ಹೋಗಲಿಲ್ಲ. ಅಲ್ಲಿ ಫ್ರಿಗೇಟ್ ಹಕ್ಕಿಗಳ ದೊಡ್ಡ ಕಾಲೊನಿ ಇದೆ, ಗಂಡು ಹಕ್ಕಿ ಕತ್ತಿನ ಕೆಂಪು ಚೀಲವನ್ನ ಬಲೂನ್ ಥರ ಊದುತ್ತೆ. ಫೆರ್ರಿಗೆ ಕೊಡೋ ದುಡ್ಡು ಟೋಪಿಗೆ ಹೋಗಿತ್ತು. ಹೋಗೋ ಸಮಯ: ಡಿಸೆಂಬರಿಂದ ಏಪ್ರಿಲ್ ಒಣ ಹವೆ, ಆದ್ರೆ ರೇಟ್ ಜಾಸ್ತಿ. ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ. 2017ರ ಸೆಪ್ಟೆಂಬರಲ್ಲಿ ಇರ್ಮಾ ಬಂದಾಗ ಬಾರ್ಬುಡಾದ ಜನರನ್ನೆಲ್ಲಾ ಖಾಲಿ ಮಾಡಿಸಿ ಆಂಟಿಗುವಾಗೆ ಕರ್ಕೊಂಡು ಬರಬೇಕಾಗಿತ್ತು. ಚಿಕ್ಕಮ್ಮ ಇಲ್ಲದಿದ್ರೆ ನನ್ನ ಕೈಲಿ ಈ ಟ್ರಿಪ್ ಆಗ್ತಿರಲಿಲ್ಲ, ಟಿಕೆಟ್ಟೇ ನನ್ನ ಮೂರು ವರ್ಷದ ಫೀಸಿಗಿಂತ ಜಾಸ್ತಿ. ಇದನ್ನ ಮುಚ್ಚಿಟ್ಟು "ಸೋಲೋ ಟ್ರಾವೆಲರ್" ಅಂತ ಬಯೋ ಹಾಕ್ಕೊಳಲ್ಲ.

ಊರಿಗೆ ಬಂದ ಮೊದಲ ಭಾನುವಾರ ನಾನೇ ಫೂಂಜಿ ಮಾಡಿದೆ. ಮೆಕ್ಕೆಜೋಳದ ಹಿಟ್ಟು, ಬೆಂಡೆಕಾಯಿ, ಅಮ್ಮನ ಮುದ್ದೆ ಕೋಲು. ಅಮ್ಮ ಅಡುಗೆಮನೆ ಬಾಗಿಲಲ್ಲೇ ನಿಂತು "ಗಂಟಾಯ್ತು, ತಿರುವು, ತಿರುವು" ಅಂತಿದ್ರು. ಗಂಟಾಗಿತ್ತು. ಬೆಣ್ಣೆ ಸವರಿದ ಬಟ್ಟಲಲ್ಲಿ ಉಂಡೆ ಕಟ್ಟಿ, ಖಾರ ಹಾಕದ ಮಸ್ಸೊಪ್ಪಿನ ಜೊತೆ ಅಪ್ಪನ ಮುಂದೆ ಇಟ್ಟೆ.

ಅಪ್ಪ ಬಲಗಡೆಯಿಂದ ನಿಧಾನಕ್ಕೆ ನುಂಗಿದ್ರು. ಬೆಂಡೆ ಲೋಳೆಗೆ ಗಂಟಲಲ್ಲಿ ಸಲೀಸಾಗಿ ಇಳೀತು. ಪೂರ್ತಿ ಒಂದು ಉಂಡೆ ಮುಗಿಸಿದ್ರು.

"ಹೇಗಿದೆ?"

"ಪರವಾಗಿಲ್ಲ" ಅಂದ್ರು. ತಟ್ಟೆ ಬಳಿದು, "ನಾಳೆ ರಾಗೀದೇ ಮಾಡು."